11 ವರ್ಷ ಹಚ್ಚಿದ ಹಾರ್ಮೋನ್ ಜೆಲ್, ಅದು ಒಣಗದ ಮಳೆಗಾಲ

ಕುಮಟಾದ ಮಳೆಗಾಲದಲ್ಲಿ ಈ ಜೆಲ್ ಬೇಗ ಒಣಗುವುದಿಲ್ಲ. ಮೊದಲು ಇದನ್ನೇ ಹೇಳಿಬಿಡುತ್ತೇನೆ. ಪೆಟ್ಟಿಗೆಯಲ್ಲಿ ಮಡಚಿಟ್ಟ ಕಾಗದ ನೋಡಿದರೆ ಐದು ನಿಮಿಷದ ಕೆಲಸ. ಜನವರಿಯಲ್ಲಿ ಅದು ನಿಜ. ಜೂನ್ ಅರ್ಧ ಕಳೆಯಿತು ಅಂದರೆ ಕಾಲು ಗಂಟೆ ಬೇಕು. ಕರೆಂಟ್ ಹೋಗಿ ಫ್ಯಾನ್ ನಿಂತರೆ ಇನ್ನೂ ಜಾಸ್ತಿ. ತೋಳೆಲ್ಲ ಅಂಟಂಟು. ಹಾಗೇ ರವಿಕೆ ಹಾಕಿಕೊಂಡರೆ ಔಷಧಿ ಮೈಗಿಂತ ಬಟ್ಟೆಗೇ ಹೆಚ್ಚು ಹೋಗುತ್ತದೆ.

ಈಸ್ಟ್ರಡಯಾಲ್ ಜೆಲ್ ಬೆಳಿಗ್ಗೆ, ಪ್ರೊಜೆಸ್ಟರಾನ್ ಕ್ಯಾಪ್ಸೂಲ್ ರಾತ್ರಿ. ಮುಟ್ಟು ನಿಲ್ಲುವ ಹೊತ್ತಿನ ತೊಂದರೆಗೆ ಕೊಡುವ ಹಾರ್ಮೋನ್ ಚಿಕಿತ್ಸೆ ಇದು. 2015ರ ಫೆಬ್ರವರಿಯಲ್ಲಿ ಶುರು ಮಾಡಿದೆ, ಆಗ ನನಗೆ 51. ಈಗ 62. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ, 2024ರಲ್ಲಿ ನಿವೃತ್ತಿಯಾಯಿತು. ಊರಿನವರಿಗೆ ಈಗಲೂ ನಾನು ಗಣಿತದ ಅಕ್ಕೋರು. ಶುರು ಮಾಡುವುದರ ಬಗ್ಗೆ ಅಲ್ಲಿ ಇಲ್ಲಿ ಏನಾದರೂ ಓದಲು ಸಿಗುತ್ತದೆ. ಅರವತ್ತು ದಾಟಿದ ಮೇಲೆ ಮುಂದುವರಿಸಬೇಕಾ, ಬಿಡಬೇಕಾ ಅನ್ನುವುದನ್ನು ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕರಾವಳಿಯಲ್ಲಿ ಹುಟ್ಟಿದವಳಿಗೆ ಸೆಕೆ ಹೊಸತಲ್ಲ. ಆದರೆ ಇದು ಸೆಕೆಯ ಹಾಗಿರಲಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಬೋರ್ಡಿನ ಮುಂದೆ ನಿಂತಿದ್ದೆ. ಎದೆಯ ನಡುವೆ ಒಂದು ಉರಿ ಎದ್ದು ಕುತ್ತಿಗೆಗೆ, ಕಿವಿಗೆ ಏರಿತು. ಮುಖವೆಲ್ಲ ಕೆಂಪು. ಕೈಯಲ್ಲಿದ್ದ ಚಾಕ್‌ಪೀಸು ಬೆವರಿಗೆ ನೆನೆದು ಬೆರಳ ಸಂದಿಯಲ್ಲಿ ಸುಣ್ಣದ ಹಾಗೆ ಮೆತ್ತಿಕೊಂಡಿತು. ಐದು ನಿಮಿಷ ಕಳೆದರೆ ಮೈ ಥಂಡಿ. ದಿನಕ್ಕೆ ಎಂಟು ಹತ್ತು ಸಲ ಹೀಗೆ. ರಾತ್ರಿ ಎರಡು ಮೂರು ಸಲ ಎದ್ದು ನೈಟಿ ಬದಲಿಸುತ್ತಿದ್ದೆ. ಅತ್ತೆ ಪಿತ್ತ ಅಂತ ಮುರುಗಲ ಪಾನಕ ಮಾಡಿ ಕೊಟ್ಟರು. ಕುಡಿದಾಗ ಹಿತ ಅನ್ನಿಸುತ್ತಿತ್ತು, ಉರಿ ಮಾತ್ರ ಹೋಗಲಿಲ್ಲ. ಮೊದಲು ತೋರಿಸಿದ ಡಾಕ್ಟರು "ಎಲ್ಲ ಹೆಂಗಸರಿಗೂ ಆಗ್ತದೆ, ಸಹಿಸ್ಕೊಳ್ಳಿ" ಅಂದು ನಿದ್ದೆ ಮಾತ್ರೆ ಬರೆದುಕೊಟ್ಟರು. ಆ ಮಾತು ನಂಬಿ ಎಂಟು ತಿಂಗಳು ಕಳೆದೆ. ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಆಮೇಲೆ ಮಂಗಳೂರಿಗೆ ಹೋದೆ. ಅಲ್ಲಿಯ ಡಾಕ್ಟರಮ್ಮ ಮೊದಲು ಅರ್ಧ ಗಂಟೆ ಬರೀ ಕೇಳಿದರು. ಬಿಪಿ ಇದೆಯಾ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತಾ, ಮನೆಯಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಆಗಿತ್ತಾ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಹೋಗಿದೆಯಾ. ಮ್ಯಾಮೋಗ್ರಾಮ್, ಸ್ಕ್ಯಾನ್, ಎಲುಬಿನ ಗಟ್ಟಿತನ ಅಳೆಯುವ ಡೆಕ್ಸಾ ಎಲ್ಲ ಆಯಿತು. ಮಾತ್ರೆ ಯಾಕೆ ಬೇಡ, ಜೆಲ್ ಯಾಕೆ ಅಂತ ಕೇಳಿದೆ. ಈಸ್ಟ್ರೊಜನ್ ಮಾತ್ರೆ ನುಂಗಿದರೆ ಲಿವರ್ ದಾಟಿ ಹೋಗಬೇಕು, ಅದರಿಂದ ರಕ್ತ ಹೆಪ್ಪುಗಟ್ಟುವ ಭಯ ಜಾಸ್ತಿ. ಚರ್ಮದ ಮೂಲಕ ಹೋದರೆ ಆ ಅಪಾಯ ಹೆಚ್ಚಿದ್ದು ಕಂಡಿಲ್ಲ ಅಂದರು. ರಾತ್ರಿಯ ಕ್ಯಾಪ್ಸೂಲ್ ಗರ್ಭಕೋಶದ ಕಾವಲಿಗೆ. ಗರ್ಭಕೋಶ ಇದ್ದವರು ಬರೀ ಈಸ್ಟ್ರೊಜನ್ ತೆಗೆದುಕೊಂಡರೆ ಒಳಪದರ ದಪ್ಪವಾಗುತ್ತಾ ಹೋಗಿ ಅಲ್ಲೇ ಕ್ಯಾನ್ಸರ್ ಹುಟ್ಟಬಹುದು. ಇದನ್ನು ಗೆಳತಿಯರಿಗೆ ನಾನು ಮತ್ತೆ ಮತ್ತೆ ಹೇಳುತ್ತೇನೆ. ಜೆಲ್ ಸಾಕು, ಕ್ಯಾಪ್ಸೂಲ್ ಬೇಡ ಅಂತ ನೀವೇ ತೀರ್ಮಾನ ಮಾಡಬೇಡಿ.

ನಾಲ್ಕನೇ ವಾರಕ್ಕೆ ನಿದ್ದೆ ಬಂತು. ಮಲಗಿದವಳು ಕೋಗಿಲೆ ಕೂಗಿಗೇ ಎದ್ದೆ. ಇಂಥ ನಿದ್ದೆ ಮಾಡಿ ಎರಡು ವರ್ಷ ಆಗಿತ್ತು. ಪ್ರೊಜೆಸ್ಟರಾನ್ ಕ್ಯಾಪ್ಸೂಲಿಗೆ ಮಂಪರು ತರಿಸುವ ಗುಣ ಇದೆ. ಹತ್ತು ಗಂಟೆಗೆ ನುಂಗಿ ಪುಸ್ತಕ ಹಿಡಿದರೆ ಹತ್ತೂವರೆಗೆ ಅಕ್ಷರ ತೇಲುತ್ತವೆ. ನನಗೆ ಅದು ವರ.

ಇನ್ನು ಬೆಳಗಿನ ಮಾತು. ಸ್ನಾನ ಮುಗಿಸಿ, ಮೈ ಚೆನ್ನಾಗಿ ಒರೆಸಿ, ಅಳತೆ ಪಟ್ಟಿಯ ಮೇಲೆ ಜೆಲ್ ಹಿಂಡುತ್ತೇನೆ. ಎಡ ತೋಳಿಗೆ ಅರ್ಧ, ಬಲ ತೋಳಿಗೆ ಅರ್ಧ. ತಿಕ್ಕಬಾರದು, ತೆಳ್ಳಗೆ ಸವರಬೇಕು. ತೋಳಿಗೆ ಎಣ್ಣೆ, ಕ್ರೀಮು ಏನೂ ಇರಬಾರದು. ಮುಖ್ಯವಾಗಿ ಇದರಲ್ಲಿ ಆಲ್ಕೋಹಾಲ್ ಇದೆ, ಒಣಗುವ ತನಕ ಬೆಂಕಿಯ ಹತ್ತಿರ ಹೋಗುವಂತಿಲ್ಲ. ದೇವರ ದೀಪ ಹಚ್ಚುವಂತಿಲ್ಲ, ಗ್ಯಾಸ್ ಹಚ್ಚುವಂತಿಲ್ಲ. ಹಾಗಾಗಿ ಬೆಳಗಿನ ಚಾ ಇವರ ಕೆಲಸವಾಯಿತು. ನಾನು ಹಿತ್ತಿಲ ಜಗುಲಿಯಲ್ಲಿ ತೋಳು ಬಿಟ್ಟುಕೊಂಡು ಕೂರುತ್ತಿದ್ದೆ. ಬಿಂಬಲ ಮರದಿಂದ ನೀರು ತೊಟ್ಟಿಕ್ಕುತ್ತದೆ. ಬಾವಿಕಟ್ಟೆಯ ಮೇಲೆ ಒಂದು ಮಡಿವಾಳ ಹಕ್ಕಿ ಬಂದು ಬಾಲ ಎತ್ತಿ ಇಳಿಸುತ್ತದೆ. ದೂರದಲ್ಲಿ ರೈಲು. ಮೂವತ್ತು ವರ್ಷ ನನ್ನ ಬೆಳಗು ಅಂದರೆ ದೋಸೆ, ಡಬ್ಬಿ, ಬಸ್ಸು. ಏನೂ ಮಾಡದೆ ಸುಮ್ನೆ ಕೂತ ಹೊತ್ತು ಅಂತ ಇದ್ದರೆ ಅದು ಈ ಜೆಲ್ ಒಣಗುವ ಹೊತ್ತು ಮಾತ್ರ. ಒಣಗುವುದು ತಡ ಅಂತ ಮೇಲೆ ದೂರು ಹೇಳಿದೆ, ನಿಜ. ಆ ತಡವೇ ನನಗೆ ಪ್ರೀತಿಯಾಗಿತ್ತು ಅನ್ನುವುದೂ ನಿಜ.

ಸಿಗುವುದು ಕಷ್ಟ. ನಮ್ಮೂರಿನ ಅಂಗಡಿಯಲ್ಲಿ ಇಟ್ಟುಕೊಳ್ಳುವುದಿಲ್ಲ, ಹೇಳಿದರೆ ಹುಬ್ಬಳ್ಳಿಯಿಂದ ತರಿಸುತ್ತಾರೆ. "ನಾಳೆ ಬರ್ತದೆ ಅಕ್ಕೋರೇ" ಅನ್ನುವ ನಾಳೆ ಕೆಲವೊಮ್ಮೆ ವಾರವಾಗುತ್ತದೆ. 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಅಷ್ಟು ಜೀವ ಹೋದ ಹೊತ್ತಿನಲ್ಲಿ ಔಷಧಿಯ ಸುದ್ದಿ ಎತ್ತಲು ನನಗೆ ಬಾಯಿ ಬರಲಿಲ್ಲ. ಇದ್ದ ಟ್ಯೂಬು ಮುಗಿದು ಹನ್ನೊಂದು ದಿನ ಜೆಲ್ ಇಲ್ಲದೆ ಕಳೆದೆ. ಐದನೇ ರಾತ್ರಿ ದಿಂಬು ಒದ್ದೆಯಾಯಿತು. ಅರವತ್ತಾದರೂ ಮೈ ಇದನ್ನು ಬಿಟ್ಟಿಲ್ಲ ಅಂತ ಗೊತ್ತಾದದ್ದು ಆಗಲೇ. ಅಂದಿನಿಂದ ಒಂದು ಟ್ಯೂಬು ಹೆಚ್ಚಿಗೆ ತಂದಿಡುತ್ತೇನೆ.

ಈ ಜೆಲ್ ಮೇಲೆ ನನಗೆ ಬೇಸರ ಹುಟ್ಟಿದ್ದು ಆ ವರ್ಷದ ಕೊನೆಗೆ. ಮಗಳ ಮಗು ನಮ್ಮಲ್ಲಿರಲು ಬಂತು. ಎರಡು ವರ್ಷದ ಕೂಸು. ಎದ್ದ ಕೂಡಲೇ "ಅಜ್ಜೀ" ಅಂತ ಜಗುಲಿಗೆ ಓಡಿ ಬಂದು ತೋಳು ಹಿಡಿಯುತ್ತಿತ್ತು. ಹಚ್ಚಿದ ಜೆಲ್ ಮಗುವಿನ ಚರ್ಮಕ್ಕೆ ತಾಗಬಾರದು. ಹಾರ್ಮೋನ್ ಅದರ ಮೈಗೂ ಇಳಿಯುತ್ತದೆ, ಇಂಥ ಔಷಧಿ ತಾಗಿ ಪುಟ್ಟ ಮಕ್ಕಳಿಗೆ ಎದೆ ಊದಿದ ಉದಾಹರಣೆ ಇದೆ. ಕೈ ಚಾಚಿ ಬಂದ ಕೂಸನ್ನು "ಬೇಡ, ಬೇಡ" ಅಂತ ದೂರ ಮಾಡಬೇಕಾಯಿತು. ಒಂದು ದಿನ ಅದು ಹೊಸ್ತಿಲಲ್ಲೇ ನಿಂತು, ತುಟಿ ಮುಂದೆ ಮಾಡಿ, ನನ್ನ ತೋಳನ್ನೇ ನೋಡಿತು. ನನಗೆ ತಡೆಯಲಾಗಲಿಲ್ಲ. ಮರುದಿನದಿಂದ ತೊಡೆಯ ಒಳಭಾಗಕ್ಕೆ ಹಚ್ಚತೊಡಗಿದೆ, ಅಲ್ಲಿಗೂ ಹಚ್ಚಬಹುದು. ಆದರೆ ಬಾಗಿಲು ಹಾಕಿ ಕೋಣೆಯಲ್ಲಿ ನಿಲ್ಲಬೇಕು. ಹೊರಗೆ ಕೂಸು ಬಾಗಿಲು ಬಡಿಯುತ್ತದೆ, ಒಳಗೆ ನಾನು ಲಂಗ ಎತ್ತಿ ಹಿಡಿದು ಫ್ಯಾನ್ ಕೆಳಗೆ. ಜಗುಲಿ ಹೋಯಿತು. ಸಾಕಪ್ಪಾ ಇದು ಅನ್ನಿಸಿತು.

2025ರ ಜನವರಿಯ ತಪಾಸಣೆಗೆ ಹೋದಾಗ ಡಾಕ್ಟರಮ್ಮನೇ ಕೇಳಿದರು, "ಟೀಚರ್, ಹತ್ತು ವರ್ಷ ಆಯ್ತು. ಏನು ಮಾಡುವ?"

"ಅರವತ್ತಕ್ಕೆ ನಿಲ್ಲಿಸ್ಲೇಬೇಕು ಅಂತಾರಲ್ಲ ಮೇಡಂ?"

"ಹಾಗೆ ನಿಯಮ ಏನಿಲ್ಲ. ಅಮೆರಿಕದ ಮೆನೋಪಾಸ್ ವೈದ್ಯರ ಸಂಘವೂ 2022ರಲ್ಲಿ ಅದನ್ನೇ ಹೇಳಿದೆ. ವರ್ಷ ವರ್ಷ ಕೂತು ನೋಡಬೇಕು ಅಷ್ಟೇ. ನಿಮಗೆ ಇದರಿಂದ ಈಗ ಏನು ಸಿಗ್ತಾ ಉಂಟು, ಅದನ್ನು ಹೇಳಿ."

ಮನೆಗೆ ಬಂದು ಹಳೆಯ ನೋಟ್‌ಬುಕ್ ತೆಗೆದು ಲೆಕ್ಕ ಹಾಕಿದೆ. ಎಲ್ಲರೂ ಹೆದರುವುದು 2002ರ ಸುದ್ದಿಗೆ. ಅಮೆರಿಕದಲ್ಲಿ ಈ ಹಾರ್ಮೋನ್ ಚಿಕಿತ್ಸೆಯನ್ನೇ ಪರೀಕ್ಷಿಸುತ್ತಿದ್ದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಪ್ರಯೋಗವನ್ನು ಆ ವರ್ಷ ನಡುವೆಯೇ ನಿಲ್ಲಿಸಿದರು. 16,608 ಹೆಂಗಸರು, ಸರಾಸರಿ ವಯಸ್ಸು 63. ವರ್ಷಕ್ಕೆ 10,000 ಜನರಲ್ಲಿ ಸ್ತನ ಕ್ಯಾನ್ಸರ್ ಹಾರ್ಮೋನ್ ಇಲ್ಲದವರಲ್ಲಿ 30 ಇದ್ದದ್ದು ತೆಗೆದುಕೊಂಡವರಲ್ಲಿ 38 ಆಯಿತು. ಲಕ್ವ 21 ಇದ್ದದ್ದು 29. ಸೊಂಟದ ಎಲುಬು ಮುರಿಯುವುದು 15ರಿಂದ 10ಕ್ಕೆ ಇಳಿಯಿತು. ಆದರೆ ಅವರು ನುಂಗಿದ್ದು ಮಾತ್ರೆ. ಗಬ್ಬದ ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೊಜನ್, ಜೊತೆಗೆ ಬೇರೆ ಜಾತಿಯ ಕೃತಕ ಹಾರ್ಮೋನ್. ನನ್ನದು ಜೆಲ್, ಶುರು ಮಾಡಿದ್ದು 51ಕ್ಕೆ.

ಇಷ್ಟಕ್ಕೇ ಸಮಾಧಾನ ಪಟ್ಟುಕೊಂಡರೆ ಲೆಕ್ಕ ಪೂರ್ತಿಯಾಗುವುದಿಲ್ಲ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ 58 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ ವರದಿ ಬಂತು. 50ಕ್ಕೆ ಶುರು ಮಾಡಿ, ಎರಡೂ ಹಾರ್ಮೋನನ್ನು ದಿನಾ ಐದು ವರ್ಷ ತೆಗೆದುಕೊಂಡ 50 ಜನರಲ್ಲಿ, 70 ತುಂಬುವುದರೊಳಗೆ ಒಬ್ಬರಿಗೆ ಹೆಚ್ಚಿಗೆ ಸ್ತನ ಕ್ಯಾನ್ಸರ್ ಬರುತ್ತದೆ. ಹತ್ತು ವರ್ಷವಾದರೆ ಸುಮಾರು ಅದರ ಎರಡರಷ್ಟು. ಅದು ಪಾಶ್ಚಾತ್ಯ ದೇಶಗಳ ಲೆಕ್ಕ, ನಮ್ಮಲ್ಲಿ ಈ ಕ್ಯಾನ್ಸರ್ ಮೊದಲಿಗೇ ಕಡಿಮೆ. ನಾನು ತೆಗೆದುಕೊಳ್ಳುವ ಜಾತಿಯ ಪ್ರೊಜೆಸ್ಟರಾನಿನಲ್ಲಿ ಅಪಾಯ ಕಡಿಮೆ ಅಂತ ಫ್ರಾನ್ಸಿನ ದೊಡ್ಡ ಅಧ್ಯಯನವೊಂದರಲ್ಲಿ ಕಂಡಿದೆ. ಆದರೂ ವರ್ಷ ಕೂಡಿದ ಹಾಗೆ ಅಪಾಯವೂ ಕೂಡುತ್ತದೆ. ಹತ್ತು ವರ್ಷ ಹಚ್ಚಿದವಳು ಇದನ್ನು ನೋಡದ ಹಾಗೆ ಕೂರಬಾರದು.

ಬಿಟ್ಟು ನೋಡೋಣ ಅಂತ ತೀರ್ಮಾನ ಮಾಡಿದೆ. ಒಮ್ಮೆಲೇ ಬಿಟ್ಟರೂ ನಿಧಾನ ಬಿಟ್ಟರೂ ಕೊನೆಗೆ ಒಂದೇ, ನಿಧಾನ ಬಿಟ್ಟರೆ ಶುರುವಿಗೆ ಸ್ವಲ್ಪ ಹಗುರ ಅಂದರು ಡಾಕ್ಟರಮ್ಮ. ಜೂನಿನಲ್ಲಿ ಅರ್ಧ ಮಾಡಿದೆ. ಚೌತಿ ಮುಗಿದ ಮೇಲೆ ಪೂರ್ತಿ ಬಿಟ್ಟೆ, ಕ್ಯಾಪ್ಸೂಲನ್ನೂ. ನೋಟ್‌ಬುಕ್‌ನಲ್ಲಿ ದಿನಾ ಗೆರೆ ಹಾಕಿದೆ. ಉರಿ ಬಂದರೆ ಒಂದು ಗೆರೆ, ಎಚ್ಚರವಾದರೆ ಒಂದು ಚುಕ್ಕೆ. ಎರಡು ವಾರ ಪುಟ ಖಾಲಿ. ಆಮೇಲೆ ಗೆರೆ ಬಂದವು, ದಿನಕ್ಕೆ ಎರಡು ಮೂರು. ಅದನ್ನು ತಡೆದುಕೊಳ್ಳಬಹುದಿತ್ತು. ಚುಕ್ಕೆಗಳೇ ಜಾಸ್ತಿ. ರಾತ್ರಿ ಎರಡಕ್ಕೆ ಎದ್ದರೆ ನಾಲ್ಕರ ತನಕ ಛಾವಣಿ ನೋಡುತ್ತಿದ್ದೆ. ಬೆರಳ ಗೆಣ್ಣು ನೋವು. ಮೂರು ತಿಂಗಳಲ್ಲಿ ಎರಡು ಸಲ ಉರಿಮೂತ್ರ.

ಉರಿಮೂತ್ರದ ಮಾತನ್ನು ಸಂಕೋಚದಿಂದಲೇ ಹೇಳಿದೆ. ಕೆಳಗೆ ಒಣಗಿದ ಹಾಗೆ, ಕೂತರೂ ಉರಿ. ಡಾಕ್ಟರಮ್ಮ ಅಲ್ಲಿಗೇ ಹಚ್ಚುವ ಈಸ್ಟ್ರೊಜನ್ ಕ್ರೀಮ್ ಕೊಟ್ಟರು. ಮೊದಲ ಎರಡು ವಾರ ದಿನಾ, ಆಮೇಲೆ ವಾರಕ್ಕೆ ಎರಡೇ ಸಲ. ರಕ್ತಕ್ಕೆ ಹೋಗುವುದು ತೀರಾ ಕಡಿಮೆ, ಬೇಕಾದಷ್ಟು ವರ್ಷ ಮುಂದುವರಿಸಬಹುದು. ಎರಡು ತಿಂಗಳಲ್ಲಿ ಉರಿ ಹೋಯಿತು. ಇದನ್ನು ಮೊದಲೇ ಹೇಳದೆ ಇದ್ದದ್ದು ನನ್ನದೇ ತಪ್ಪು. ಜೆಲ್ ಹಚ್ಚುವಾಗಲೂ ಈ ತೊಂದರೆ ಸಣ್ಣಗೆ ಇತ್ತು, ನಾನು ಬಾಯಿ ಬಿಟ್ಟಿರಲಿಲ್ಲ. ಜೆಲ್ ಬಿಡುವವರು ಈ ಕ್ರೀಮನ್ನೂ ಅದರ ಜೊತೆಗೇ ಬಿಡಬೇಕು ಅಂತೇನೂ ಇಲ್ಲ.

ಈಚೆಗೆ, 2025ರ ನವೆಂಬರಿನಲ್ಲಿ, ಈ ಔಷಧಿಗಳ ಮೇಲಿದ್ದ ದೊಡ್ಡ ಎಚ್ಚರಿಕೆಯ ಚೌಕಟ್ಟಿನಿಂದ ಹೃದಯದ ಕಾಯಿಲೆ, ಸ್ತನ ಕ್ಯಾನ್ಸರ್, ಮರೆವಿನ ಕಾಯಿಲೆಯ ಮಾತನ್ನು ತೆಗೆಸುತ್ತೇವೆ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳಿತು. ಮಗ ಸುದ್ದಿ ಕಳಿಸಿದ. ನಮ್ಮ ಯಜಮಾನರಿಗೆ ಮಾತ್ರ ಸಮಾಧಾನ ಇಲ್ಲ, ಅವರ ಚಿಕ್ಕಮ್ಮ ಸ್ತನ ಕ್ಯಾನ್ಸರಿನಲ್ಲಿ ಹೋದವರು. ಅವರ ಹೆದರಿಕೆ ನನಗೆ ಅರ್ಥವಾಗುತ್ತದೆ. ನನ್ನ ಕಣ್ಣ ಮುಂದೆ ಇರುವುದು ನನ್ನ ಅಮ್ಮ. 74ಕ್ಕೆ ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದು, ಮತ್ತೆ ಅಂಗಳಕ್ಕೆ ಇಳಿಯಲೇ ಇಲ್ಲ. ನನ್ನ ಡೆಕ್ಸಾದ ಟಿ-ಸ್ಕೋರ್ (ಮೈನಸ್ ಹೆಚ್ಚಾದಷ್ಟೂ ಎಲುಬು ದುರ್ಬಲ) ಹತ್ತು ವರ್ಷದಲ್ಲಿ ಮೈನಸ್ 1.6ರಿಂದ ಮೈನಸ್ 1.7ಕ್ಕೆ ಬಂದಿದೆ ಅಷ್ಟೇ. ಬಿಟ್ಟರೆ ಎಲುಬಿನ ಆ ಕಾವಲು ಉಳಿಯುವುದಿಲ್ಲ.

ಈ ಜನವರಿಯಲ್ಲಿ ಮ್ಯಾಮೋಗ್ರಾಮ್, ಬಿಪಿ, ಸ್ಕ್ಯಾನ್ ಎಲ್ಲ ಸರಿ ಬಂದ ಮೇಲೆ ಮತ್ತೆ ಶುರು ಮಾಡಿದೆ, ಮೊದಲಿನ ಅರ್ಧ ಅಳತೆಯಲ್ಲಿ. ರಾತ್ರಿಯ ಕ್ಯಾಪ್ಸೂಲ್ ಇದೆ. ಕ್ರೀಮ್ ಇದೆ. ಒಂದು ವರ್ಷಕ್ಕೆ ಮಾತ್ರ ಒಪ್ಪಿಕೊಂಡಿದ್ದೇನೆ, ಮುಂದಿನ ಜನವರಿಗೆ ಮತ್ತೆ ನೋಟ್‌ಬುಕ್ ತೆಗೆಯುತ್ತೇನೆ. ಮೊದಲು ತಿಂಗಳಿಗೆ ಸಾವಿರ ದಾಟುತ್ತಿತ್ತು, ಈಗ ಒಂದು ಟ್ಯೂಬು ಎರಡು ತಿಂಗಳು ಬರುತ್ತದೆ. ಪೆನ್ಶನ್‌ನಲ್ಲಿ ಅದು ದೊಡ್ಡ ವ್ಯತ್ಯಾಸ. ನನ್ನ ಗೆಳತಿಯೊಬ್ಬಳು 58ಕ್ಕೇ ಬಿಟ್ಟು ಹಾಯಾಗಿದ್ದಾಳೆ, ಒಂದು ಗೆರೆಯೂ ಬೀಳಲಿಲ್ಲ ಅವಳಿಗೆ. ಹಾಗೂ ಆಗುತ್ತದೆ.

ಕೂಸಿಗೆ ಮೂರು ತುಂಬಿತು, ಅಂಗನವಾಡಿಗೆ ಹೋಗುತ್ತದೆ. ಹಾಗಾಗಿ ಸ್ನಾನವನ್ನೇ ಹತ್ತು ಗಂಟೆಗೆ ಮುಂದೂಡಿದ್ದೇನೆ. ಅದನ್ನು ಬಿಟ್ಟು ಬಂದು, ಮಿಂದು, ಎಡ ತೋಳಿಗೆ ಮಾತ್ರ ಹಚ್ಚಿ ಮತ್ತೆ ಜಗುಲಿಯಲ್ಲಿ ಕೂರುತ್ತಿದ್ದೇನೆ. ಹನ್ನೆರಡೂವರೆಗೆ ಕರೆತರಲು ಹೋಗುವಾಗ ಉದ್ದ ತೋಳಿನ ರವಿಕೆ ಹಾಕಿಕೊಳ್ಳುತ್ತೇನೆ. ಅದು ಓಡಿ ಬಂದು ಹಿಡಿಯುವುದು ಯಾವಾಗಲೂ ಬಲಗೈಯನ್ನೇ.