ಕಮ್ಮಿ ದುಡ್ಡಿಗೆ ಕುದುರೆ ಜೀನು: ಕಾನ್ಪುರದ ಹೊಸದೋ, ಸಿಂಥೆಟಿಕ್ಕೋ, ಯುರೋಪಿನ ಹಳೆಯದೋ?

ಷೋ ಜಂಪಿಂಗ್‌ಗೆ, ಅಂದರೆ ಕುದುರೆ ಮೇಲೆ ಕೂತು ಅಡ್ಡಗಟ್ಟೆ ಹಾರಿಸುವ ಸ್ಪರ್ಧೆಗೆ, ಇಳಿಯಬೇಕು, ಆದರೆ ಯುರೋಪಿನ ಹೊಸ ಜೀನಿಗೆ ಲಕ್ಷಗಟ್ಟಲೆ ಸುರಿಯಲು ಆಗದು ಅನ್ನುವವರಿಗೆ ಉಳಿಯುವುದು ಮೂರು ದಾರಿ: ಕಾನ್ಪುರದ ಹೊಸ ಚರ್ಮದ ಜೀನು, ವಿಂಟೆಕ್ ಥರದ ಸಿಂಥೆಟಿಕ್ ಜೀನು, ಯಾರೋ ಹತ್ತು ವರ್ಷ ಬಳಸಿ ಮಾರುತ್ತಿರುವ ಯುರೋಪಿನ ಜೀನು. ಮೂರನ್ನೂ ಕುದುರೆ ಮೇಲೆ ಹಾಕಿ ನೋಡಿ ಹೇಳುತ್ತಿದ್ದೇನೆ: ಹಳೆಯದನ್ನೇ ಕೊಳ್ಳಿ. ಲಗಾಮು, ತಲೆಪಟ್ಟಿಗಳನ್ನು ಮಾತ್ರ ಕಾನ್ಪುರದಿಂದ ತರಿಸಿ.

ಕಾನ್ಪುರದವರಿಗೆ ಕೈಗುಣ ಇಲ್ಲವೆಂದಲ್ಲ. 1860ರ ದಶಕದಿಂದ ಸೇನೆಗೆ ಜೀನು ಹೊಲಿದುಕೊಟ್ಟ ಊರದು. ಅಲ್ಲಿನ ಜೀನಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ತೊಂದರೆ ಇರುವುದು ಅಗ್ಗದ ಜೀನಿನ ಅಗಲದಲ್ಲಿ. ಬೆಂಗಳೂರಿನ ಸವಾರಿ ಶಾಲೆಗಳ ಕುದುರೆಗಳಲ್ಲಿ ಬಹಳಷ್ಟು ರೇಸ್‌ಕೋರ್ಸ್ ಬಿಟ್ಟು ಬಂದ ಥರೋಬ್ರೆಡ್‌ಗಳು. ಅವುಗಳ ವಿದರ್ಸ್, ಅಂದರೆ ಕತ್ತು ಬೆನ್ನಿಗೆ ಸೇರುವಲ್ಲಿನ ಮೂಳೆಯುಬ್ಬು, ಎತ್ತರ. ಅದರ ಎರಡೂ ಬದಿ ತಗ್ಗು. ‘ಮೀಡಿಯಂ’ ಎಂದು ಬಂದ ಅಗ್ಗದ ಜೀನು ಮೊದಲ ದಿನ ಚೆನ್ನಾಗಿಯೇ ಕೂರುತ್ತದೆ, ಏಕೆಂದರೆ ಒಳಗಿನ ತುಂಬು ಇನ್ನೂ ಉಬ್ಬಿರುತ್ತದೆ. ಮೂವತ್ತು ನಲವತ್ತು ಸವಾರಿ ಕಳೆಯುವಷ್ಟರಲ್ಲಿ ತುಂಬು ಕುಸಿದು, ಜೀನಿನ ಮುಂಭಾಗ ಇಳಿದು ಮೂಳೆಗೆ ತಾಗುತ್ತದೆ. ದಪ್ಪ ಪ್ಯಾಡ್ ಹಾಕಿದರೆ ಮುಂಭಾಗ ಏಳುವುದು ನಿಜ, ಆದರೆ ಜೀನು ಅಕ್ಕಪಕ್ಕ ವಾಲತೊಡಗುತ್ತದೆ. ಅದು ವಾಲದಿರಲಿ ಎಂದು ಕುದುರೆಯ ಹೊಟ್ಟೆಯಡಿ ಜೀನನ್ನು ಕಟ್ಟುವ ಗರ್ತ್ ಪಟ್ಟಿ ಬಿಗಿದರೆ ಜೀನು ಮತ್ತೆ ಕೆಳಕ್ಕೆ. ಕುದುರೆ ಕಿವಿ ಹಿಂದಕ್ಕೆ ಮಡಚಿ ಜಂಪ್ ನಿರಾಕರಿಸುತ್ತದೆ. ಬೈಗುಳ ಮಾತ್ರ ಅದಕ್ಕೇ ಬೀಳುತ್ತದೆ. ಉಜ್ಜಿ ಗಾಯವಾದ ಜಾಗದಲ್ಲಿ ಆಮೇಲೆ ಬಿಳಿ ಕೂದಲು ಹುಟ್ಟುತ್ತದೆ. ಅದು ಮತ್ತೆ ಕಂದಾಗುವುದಿಲ್ಲ.

ಆದ್ದರಿಂದ ‘ಮೀಡಿಯಂ’ ಅನ್ನುವ ಮಾತನ್ನೇ ನಂಬಬೇಡಿ. ಜೀನು ತಯಾರಿಸುವ ಸ್ಟ್ಯೂಬೆನ್ ಕಂಪನಿಯವರು ಅಗಲವನ್ನು ಸೆಂಟಿಮೀಟರಿನಲ್ಲಿ ಹೇಳುತ್ತಾರೆ, ಬೇರೆಯವರು ಅಕ್ಷರದಲ್ಲಿ. ಒಬ್ಬರ ಮೀಡಿಯಂ ಇನ್ನೊಬ್ಬರ ನ್ಯಾರೋ. ಡ್ರಾಯಿಂಗ್ ಸಾಮಾನಿನ ಅಂಗಡಿಯಲ್ಲಿ ಬಾಗುವ ಸ್ಕೇಲು ಸಿಗುತ್ತದೆ. ಭುಜದ ಮೂಳೆಯಿಂದ ಎರಡು ಇಂಚು ಹಿಂದೆ ಅದನ್ನು ಬೆನ್ನಿನ ಮೇಲೆ ಅಡ್ಡಲಾಗಿ ಒತ್ತಿ, ಆಕಾರ ಕೆಡದಂತೆ ಎತ್ತಿ ರಟ್ಟಿನ ಮೇಲೆ ಗೆರೆ ಎಳೆದು ಕತ್ತರಿಸಿ. ಆ ರಟ್ಟನ್ನು ಮಾರುವವರಿಗೆ ಅಂಚೆಯಲ್ಲಿ ಕಳಿಸಿ, ಜೀನಿನ ಮುಂಭಾಗದ ಒಳಗಿಟ್ಟು ಎದುರಿನಿಂದ ಫೋಟೋ ತೆಗೆಸಿ. ರಟ್ಟಿನ ಅಂಚು ಜೀನಿನ ಒಳಬದಿಗೆ ಸಮಾನಾಂತರವಾಗಿ ಬಂದರೆ ಸರಿ. ಮೇಲೆ ಮಾತ್ರ ತಾಗಿ ಕೆಳಗೆ ಬಾಯಿಬಿಟ್ಟರೆ ಜೀನು ಅಗಲ. ಕೆಳತುದಿ ಮಾತ್ರ ಚುಚ್ಚಿದರೆ ಇಕ್ಕಟ್ಟು. ಜೀನು ಕೈಗೆ ಬಂದ ಮೇಲೆ ಸವಾರ ಕೂತಾಗಲೂ ವಿದರ್ಸ್ ಮೇಲೆ ಎರಡು ಬೆರಳು ಜಾಗ ಉಳಿಯಬೇಕು.

ಹಳೆಯ ಜೀನಿಗೆ ಭಯಪಡಬೇಕಾದ್ದು ಒಂದೇ, ಒಳಗಿನ ಚೌಕಟ್ಟು ಮುರಿದಿರುವುದು. ಜೀನಿನ ಮುಂತುದಿಯನ್ನು ನಿಮ್ಮ ಹೊಟ್ಟೆಗೆ ಒತ್ತಿ ಹಿಡಿದು ಹಿಂತುದಿಯನ್ನು ನಿಮ್ಮತ್ತ ಎಳೆಯಿರಿ. ತುಸು ಬಾಗಿ ಮತ್ತೆ ಮೊದಲಿನಂತಾದರೆ ಅದು ಚೌಕಟ್ಟಿನ ಸ್ಪ್ರಿಂಗ್, ಮುರಿದದ್ದಲ್ಲ. ಕೂರುವ ಜಾಗದಲ್ಲಿ ಆಳವಾದ ಸುಕ್ಕೆದ್ದು ಕಿರ್ ಎಂದರೆ ಮುರಿದಿದೆ. ಜೀನಿನ ಮುಂಭಾಗದಲ್ಲಿ ಎರಡೂ ಬದಿಗೆ ಇಳಿಯುವ ಚೌಕಟ್ಟಿನ ಕಾಲುಗಳನ್ನು ಕೈಗಳ ನಡುವೆ ಅದುಮಿ; ಟಕ್ ಎಂದರೂ ಬೇಡ. ಆಮೇಲೆ ಬೋರಲು ಹಾಕಿ ಹಿಂದಿನಿಂದ ನೋಡಿ: ನಡುವಿನ ಕಾಲುವೆ ನೇರವಾಗಿ, ಮೂರು ನಾಲ್ಕು ಬೆರಳು ಅಗಲವಾಗಿರಬೇಕು. ಗರ್ತ್ ಸಿಕ್ಕಿಸುವ ಬಿಲೆಟ್ ಪಟ್ಟಿ ಸವೆದಿದ್ದರೆ ಬದಲಿಸಬಹುದು, ಉಣ್ಣೆಯ ತುಂಬನ್ನೂ ಹೊಸದಾಗಿ ತುಂಬಿಸಬಹುದು. ಆ ಖರ್ಚನ್ನು ಚೌಕಾಸಿ ಮಾಡುವಾಗಲೇ ಕಳೆಯಿರಿ. ವಿದೇಶದಿಂದ ತರಿಸಿದರೆ ಕಸ್ಟಮ್ಸ್ ಸುಂಕ ಸೇರಿಸಿ ಲೆಕ್ಕ ಹಾಕಿ. ಇಲ್ಲಿನ ಸವಾರರ ಕೈಯಿಂದ ಕೊಳ್ಳುವುದೇ ಲೇಸು.

ಸಿಂಥೆಟಿಕ್ ಹಗುರ, ನೀರಲ್ಲಿ ತೊಳೆಯಬಹುದು, ಮಳೆಗಾಲದ ಬೂಷ್ಟಿನ ಚಿಂತೆ ಕಡಿಮೆ. ವಿಂಟೆಕ್‌ನ ಅಗಲ ನಿರ್ಧರಿಸುವ ಮುಂದಿನ ಪ್ಲೇಟನ್ನು ಸ್ಕ್ರೂಡ್ರೈವರಿನಿಂದ ಬದಲಿಸಬಹುದು: ಹಳದಿ ಕಿರಿದು, ಕಪ್ಪು ಮಧ್ಯಮ, ಕೆಂಪು ಅಗಲ. ದಿನಕ್ಕೊಂದು ಕುದುರೆ ಹತ್ತುವವರಿಗೆ ಇದೇ ಸರಿ. ಪ್ಲೇಟು ಬದಲಾದರೂ ಬೆನ್ನುದ್ದದ ಬಾಗು ಬದಲಾಗದು ಎಂಬುದು ಮಾತ್ರ ನೆನಪಿರಲಿ.

ಕಾನ್ಪುರದ ಲಗಾಮು ಬಂದಾಗ ಮೊದಲು ಒದ್ದೆ ಬಿಳಿ ಬಟ್ಟೆಯಿಂದ ಹತ್ತು ಸಲ ಉಜ್ಜಿ. ಬಣ್ಣ ಹತ್ತಿದರೆ ವಾಪಸ್ ಕಳಿಸಿ. ಸ್ಪರ್ಧೆಯ ದಿನ ಬೆವರಿಗೆ ಅದೇ ಬಣ್ಣ ಬಿಳಿ ಬ್ರೀಚಸ್‌ಗೆ (ಸವಾರಿಯ ಪ್ಯಾಂಟಿಗೆ), ಬಿಳಿ ಪ್ಯಾಡಿಗೆ ಇಳಿಯುತ್ತದೆ. ಬಕಲ್ ಸ್ಟೀಲಿನದ್ದೇ ಕೇಳಿ, ಲೇಪನದ್ದು ಬೆವರಿಗೆ ಸುಲಿಯುತ್ತದೆ. ಸವಾರ ಕಾಲಿಡುವ ರಿಕಾಪಿನ ಪಟ್ಟಿಗಳನ್ನು ವಾರಕ್ಕೊಮ್ಮೆ ಎಡಬಲ ಅದಲುಬದಲು ಮಾಡಿ: ನಾವೆಲ್ಲ ಎಡದಿಂದ ಹತ್ತುವುದರಿಂದ ಎಡದ್ದು ಬೇಗ ಹಿಗ್ಗುತ್ತದೆ. ಕಡಿವಾಣದ ಅಗಲ ಥರೋಬ್ರೆಡ್‌ಗೆ ಸಾಮಾನ್ಯವಾಗಿ 5 ಇಂಚು.

ಹೆಲ್ಮೆಟ್ ಮಾತ್ರ ಹಳೆಯದು ಬೇಡವೇ ಬೇಡ. ಒಮ್ಮೆ ನೆಲಕ್ಕೆ ಬಡಿದದ್ದು ಹೊರಗಿನಿಂದ ಗೊತ್ತಾಗುವುದಿಲ್ಲ. ಒಳಗೆ ವಿಜಿ1 ಅಥವಾ ಎಎಸ್‌ಟಿಎಂ ಎಫ್1163 ಎಂಬ ಸುರಕ್ಷತಾ ಮಾನದಂಡದ ಗುರುತು ಇದೆಯೇ ನೋಡಿ, ಹೊಸದನ್ನೇ ಕೊಳ್ಳಿ.

ನಾನಾದರೆ ಇರುವ ದುಡ್ಡಿನಿಂದ ಮೊದಲು ಹೆಲ್ಮೆಟ್ಟಿನದನ್ನು ತೆಗೆದಿಟ್ಟು, ಉಳಿದದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹಳೆಯ ಜೀನಿಗೆ ಹಾಕುತ್ತೇನೆ. ರಟ್ಟು ಇಟ್ಟು ಫೋಟೋ ಕಳಿಸಲು ಒಪ್ಪದವರ ಹತ್ತಿರ ಬೆಲೆಯನ್ನೂ ಕೇಳುವುದಿಲ್ಲ.