ಆಲ್‌ವಿನ್ನರ್‌ನ ಸನ್‌ಕ್ಸಿ-ಎನ್‌ಜಿ ಕ್ಲಾಕ್ ಡ್ರೈವರ್: ರೀಸೆಟ್ ಕೆಲಸದಲ್ಲಿ ಎಷ್ಟು ನಂಬಬಹುದು?

ಆರೆಂಜ್ ಪೈ ಪಿಸಿ, ನ್ಯಾನೊಪೈ ನಿಯೊ ಥರದ ಆಲ್‌ವಿನ್ನರ್ ಎಚ್3 ಬೋರ್ಡುಗಳಲ್ಲಿ ಮೇನ್‌ಲೈನ್ ಲಿನಕ್ಸ್ ಕರ್ನಲ್ ಓಡಿಸುವವರೆಲ್ಲ ಸನ್‌ಕ್ಸಿ-ಎನ್‌ಜಿ ಡ್ರೈವರ್‌ನ ಗಿರಾಕಿಗಳೇ. ಚಿಪ್‌ನೊಳಗಿನ ಸಾಧನಗಳಿಗೆ ಕ್ಲಾಕ್ ಕೊಡುವುದು, ಅವುಗಳನ್ನು ರೀಸೆಟ್‌ನಲ್ಲಿಡುವುದು, ಬಿಡಿಸುವುದು ಇದರ ಕೆಲಸ. 2016ರಲ್ಲಿ ಕರ್ನಲ್ 4.8ರ ಜೊತೆ ಬಂತು. ಕ್ಲಾಕ್ ಭಾಗದ ಬಗ್ಗೆ ದೂರಿಲ್ಲ. ಇಲ್ಲಿ ನೋಡುವುದು ರೀಸೆಟ್ ಭಾಗವನ್ನು ಮಾತ್ರ.

ರೀಸೆಟ್ ಅನ್ನು ಕ್ಲಾಕ್ ಡ್ರೈವರ್‌ನೊಳಗೇ ಇಟ್ಟದ್ದು ಸರಿಯಾದ ನಿರ್ಧಾರ. ಎಚ್3 ಒಂದನ್ನೇ ನೋಡಿದರೆ ಕಾರಣ ತಿಳಿಯುವುದಿಲ್ಲ: ಎಂಎಂಸಿ0ಯ (ಎಸ್‌ಡಿ ಕಾರ್ಡ್ ನಿಯಂತ್ರಕ) ಬಸ್ ಗೇಟ್, ಅಂದರೆ ಕ್ಲಾಕ್ ಹರಿಯಬಿಡುವ ಸ್ವಿಚ್, ಹೆಕ್ಸ್ 060 ರಿಜಿಸ್ಟರಿನ 8ನೇ ಬಿಟ್, ರೀಸೆಟ್ ಹೆಕ್ಸ್ 2ಸಿ0ಯ 8ನೇ ಬಿಟ್, ಎರಡೂ ದೂರ ದೂರ. ಆಲ್‌ವಿನ್ನರ್‌ನದೇ ಎಚ್6 ಚಿಪ್‌ನಲ್ಲಿ ಯುಎಆರ್‌ಟಿ0ಯ (ಸೀರಿಯಲ್ ಪೋರ್ಟ್) ಗೇಟ್ (ಬಿಟ್ 0) ಮತ್ತು ರೀಸೆಟ್ (ಬಿಟ್ 16) 90ಸಿ ಎಂಬ ಒಂದೇ ರಿಜಿಸ್ಟರಿನಲ್ಲಿವೆ. ಓದಿ, ತಿದ್ದಿ, ಮರಳಿ ಬರೆಯುವ ಎರಡು ಡ್ರೈವರ್‌ಗಳು ಬೇರೆ ಬೇರೆ ಲಾಕ್ (ಒಮ್ಮೆಗೆ ಒಬ್ಬರೇ ಬರೆಯಲಿ ಎಂಬ ತಡೆ) ಹಿಡಿದರೆ ಒಂದು ಬರೆದ ಬಿಟ್ಟನ್ನು ಇನ್ನೊಂದು ಅಳಿಸುತ್ತದೆ, ಅದೂ ಯಾವಾಗಲೋ ಒಮ್ಮೆ. ಇಲ್ಲಿ ಗೇಟಿಗೂ ರೀಸೆಟ್ಟಿಗೂ ಒಂದೇ ಸ್ಪಿನ್‌ಲಾಕ್. ಇನ್ನೊಂದು ಚಿಪ್ ಕಂಪನಿ ರಾಕ್‌ಚಿಪ್‌ನವರಿಗೆ ಈ ತಲೆನೋವೇ ಇಲ್ಲ. ಅವರ ರಿಜಿಸ್ಟರಿನ ಮೇಲಿನ 16 ಬಿಟ್‌ಗಳು ಕೆಳಗಿನವುಗಳಿಗೆ ಬರೆಯುವ ಅನುಮತಿ ಕೊಡುವುದರಿಂದ ಒಂದೇ ಬರಹದಲ್ಲಿ ಕೆಲಸ ಮುಗಿಯುತ್ತದೆ. ಆದರೆ ಅವರ ಡ್ರೈವರ್ ಅಸರ್ಟ್ (ರೀಸೆಟ್‌ಗೆ ಹಾಕುವುದು), ಡಿಅಸರ್ಟ್ (ಅದರಿಂದ ಬಿಡಿಸುವುದು) ಎರಡನ್ನೇ ಕೊಡುತ್ತದೆ. ಸ್ಟೇಟಸ್, ಅಂದರೆ ಸಾಧನ ಈಗ ರೀಸೆಟ್‌ನಲ್ಲಿದೆಯೇ ಎಂದು ಕೇಳಿದರೆ ಬೆಂಬಲವಿಲ್ಲ ಎಂಬ ಎರರ್ ಬರುತ್ತದೆ.

ಸನ್‌ಕ್ಸಿ-ಎನ್‌ಜಿ ಸ್ಟೇಟಸ್ಸನ್ನೂ ಪಲ್ಸ್ ರೀಸೆಟ್ಟನ್ನೂ (ರೀಸೆಟ್‌ಗೆ ಹಾಕಿ ತುಸು ಹೊತ್ತಿಗೆ ಬಿಡಿಸುವುದು) ಕೊಡುತ್ತದೆ. ಆಲ್‌ವಿನ್ನರ್‌ನಲ್ಲಿ ಬಿಟ್ 0 ಆಗಿದ್ದರೆ ಸಾಧನ ರೀಸೆಟ್‌ನಲ್ಲಿದೆ ಎಂದರ್ಥ, ಕರ್ನಲ್‌ನ ರೂಢಿ ಇದಕ್ಕೆ ತಿರುಗುಮುರುಗು. ಡ್ರೈವರ್ ಅದನ್ನು ತಿರುಗಿಸಿಯೇ ಉತ್ತರಿಸುತ್ತದೆ. ಪಲ್ಸ್‌ನ ಅವಧಿ ಮಾತ್ರ ಎಲ್ಲ ಸಾಧನಗಳಿಗೂ 10 ಮೈಕ್ರೋಸೆಕೆಂಡ್. ಹೆಚ್ಚು ಬೇಕಾದ ಐಪಿ (ಚಿಪ್‌ನೊಳಗಿನ ಸಾಧನ) ಇದ್ದರೆ ಅದರ ಡ್ರೈವರ್‌ನಲ್ಲೇ ಅಸರ್ಟ್, ವಿಳಂಬ, ಡಿಅಸರ್ಟ್ ಬಿಡಿಬಿಡಿಯಾಗಿ ಬರೆಯಬೇಕು.

ಅಂಕ ಕಳೆಯುವುದು ರೀಸೆಟ್ ಪಟ್ಟಿಯ ವಿಷಯದಲ್ಲಿ: ಯಾವ ಸಂಖ್ಯೆಯ ರೀಸೆಟ್ ಯಾವ ರಿಜಿಸ್ಟರಿನ ಯಾವ ಬಿಟ್ ಎಂದು ಹೇಳುವ ಪಟ್ಟಿ ಅದು. ಹೊಸ ಚಿಪ್ ಸೇರಿಸುವಾಗ ನಡುವೆ ಒಂದು ನಮೂದು ಬಿಟ್ಟುಹೋದರೆ ಆ ಜಾಗದಲ್ಲಿ ಸೊನ್ನೆಗಳಿರುತ್ತವೆ. ಡ್ರೈವರ್ 000 ರಿಜಿಸ್ಟರನ್ನು ಓದಿ, ಓದಿದ್ದನ್ನೇ ಮರಳಿ ಬರೆದು, ಯಶಸ್ವಿ ಎನ್ನುತ್ತದೆ. ಪಟ್ಟಿಯ ಉದ್ದ ಮೀರಿದ ಸಂಖ್ಯೆಯನ್ನು ಕರ್ನಲ್‌ನ ರೀಸೆಟ್ ಕೋರ್ ತಿರಸ್ಕರಿಸುತ್ತದೆ, ನಡುವಿನ ತೂತನ್ನು ಯಾರೂ ನೋಡುವುದಿಲ್ಲ. ಸುಳಿವು ಒಂದೇ: ಡಿಅಸರ್ಟ್ ಆದಮೇಲೂ ಸ್ಟೇಟಸ್ 1 ಎಂದೇ ಹೇಳುತ್ತಿರುತ್ತದೆ. ಡಿವೈಸ್ ಟ್ರೀಯಲ್ಲಿ (ಬೋರ್ಡಿನ ಹಾರ್ಡ್‌ವೇರ್ ವಿವರ ಬರೆಯುವ ಫೈಲ್) ರೀಸೆಟ್ ಸಂಖ್ಯೆಯ ಜಾಗಕ್ಕೆ ಕ್ಲಾಕ್ ಸಂಖ್ಯೆ ಹಾಕಿದರೂ ಕಂಪೈಲರ್ ತಕರಾರು ಮಾಡದು, ಎರಡೂ ಬರೀ ಅಂಕಿಗಳು.

ಇನ್ನೊಂದು ಬಲೆ ಇಡೀ ಫ್ರೇಮ್‌ವರ್ಕ್‌ನದು. ಯಾರೂ ಕೇಳದ ಕ್ಲಾಕ್‌ಗಳನ್ನು ಕರ್ನಲ್ ಬೂಟ್‌ನ ಕೊನೆಗೆ ನಿಲ್ಲಿಸುತ್ತದೆ. ರೀಸೆಟ್‌ಗಳನ್ನು ಯು-ಬೂಟ್ (ಕರ್ನಲ್‌ಗೂ ಮೊದಲು ಓಡುವ ಬೂಟ್‌ಲೋಡರ್) ಬಿಟ್ಟ ಸ್ಥಿತಿಯಲ್ಲೇ ಬಿಡುತ್ತದೆ. ಹಾಗಾಗಿ ಟಿಎಫ್‌ಟಿಪಿಯಿಂದ, ಅಂದರೆ ಯು-ಬೂಟ್ ತಾನೇ ನೆಟ್‌ವರ್ಕ್ ಬಳಸಿ, ಬೂಟ್ ಮಾಡಿದಾಗ ಸರಿಯಾಗಿರುವ ಈಥರ್ನೆಟ್, ಎಸ್‌ಡಿ ಕಾರ್ಡಿನಿಂದ ಬೂಟ್ ಮಾಡಿದಾಗ ಸತ್ತಿದ್ದರೆ ಮೊದಲ ಅನುಮಾನ ಬಿಟ್ಟುಹೋದ ಡಿಅಸರ್ಟ್ ಮೇಲೆ ಇರಲಿ. ಹಂಚಿಕೊಂಡ ರೀಸೆಟ್ ಆದರೆ ಶೇರ್ಡ್ ಎಂದೇ ಪಡೆಯಿರಿ. ಆಗ ಕೊನೆಯ ಬಳಕೆದಾರ ಬಿಡುವವರೆಗೆ ಅಸರ್ಟ್ ನಿಜವಾಗಿ ಹಾರ್ಡ್‌ವೇರ್ ತಲುಪುವುದಿಲ್ಲ. ಸಾಧನ ಖಂಡಿತ ರೀಸೆಟ್ ಆಗಲೇಬೇಕು ಎನ್ನುವವರಿಗೆ ಎಕ್ಸ್‌ಕ್ಲೂಸಿವ್ (ಒಬ್ಬರದೇ ಹಿಡಿತ) ಬೇಕು.

ಪರೀಕ್ಷೆಗೆ ಬಿಸಿಬಾಕ್ಸ್‌ನ ಡೆವ್‌ಮೆಮ್ (ವಿಳಾಸ ಕೊಟ್ಟು ರಿಜಿಸ್ಟರ್ ಓದುವ ಕಮಾಂಡ್) ಸಾಕು, ಕರ್ನಲ್ ಕಾನ್ಫಿಗರೇಶನ್ ಅದನ್ನು ತಡೆಯದಿದ್ದರೆ. ಎಚ್3ಯಲ್ಲಿ ಸಿಸಿಯು (ಕ್ಲಾಕ್ ನಿಯಂತ್ರಣ ಘಟಕ) ವಿಳಾಸ ಹೆಕ್ಸ್ 01ಸಿ20000. ಈಥರ್ನೆಟ್‌ಗೆ 01ಸಿ20060 ಮತ್ತು 01ಸಿ202ಸಿ0 ಎರಡರಲ್ಲೂ 17ನೇ ಬಿಟ್ ನೋಡಿ. ಮೊದಲನೆಯದು 1, ಎರಡನೆಯದು 0 ಬಂದರೆ ಕ್ಲಾಕ್ ಹರಿಯುತ್ತಿದೆ, ಸಾಧನ ಇನ್ನೂ ರೀಸೆಟ್‌ನಲ್ಲೇ ಇದೆ. ಆಗ ಡಿವೈಸ್ ಟ್ರೀಯ ರೀಸೆಟ್ಸ್ ಸಾಲು, ಅದರ ಹೆಸರು, ಸಂಖ್ಯೆ ಇಷ್ಟನ್ನು ರೀಸೆಟ್ ಸಂಖ್ಯೆಗಳಿರುವ ಹೆಡರ್ ಫೈಲ್ ಜೊತೆ ಹೋಲಿಸಿ ನೋಡಿ.