ರೈಲು ನಿಲ್ದಾಣದ ಸ್ಥಿತಿ ಅಳೆಯುವುದು ಹೇಗೆ: ಟಿಕ್ ಪಟ್ಟಿ, ಅಂಕ, ಫೋಟೊ

ದಿನನಿತ್ಯ ಓಡಾಡುವವರ ರೈಲು ನಿಲ್ದಾಣ ಯಾವ ಸ್ಥಿತಿಯಲ್ಲಿದೆ ಎಂದು ನೋಡಿ ಬರೆಯಲು ಮುಖ್ಯವಾಗಿ ಮೂರು ವಿಧಾನಗಳಿವೆ. ಹೌದು-ಇಲ್ಲ ಗುರುತು ಹಾಕುವ ಟಿಕ್ ಪಟ್ಟಿ, ಒಂದೊಂದು ಭಾಗಕ್ಕೂ 1ರಿಂದ 5ರವರೆಗೆ ಅಂಕ ಕೊಡುವುದು, ಗೊತ್ತುಮಾಡಿದ ಜಾಗಗಳಲ್ಲೇ ನಿಂತು ಮತ್ತೆ ಮತ್ತೆ ಫೋಟೊ ತೆಗೆಯುವುದು. ಮೂರನ್ನೂ ಒಂದೇ ನಿಲ್ದಾಣದಲ್ಲಿ ಬಳಸಿ ನೋಡಿದರೆ ಬರುವ ಉತ್ತರ ಬೇರೆಬೇರೆ. ಕಾರಣ ಸರಳ. ಕಸ, ಗಲೀಜು ಗಂಟೆಗಳಲ್ಲಿ ಬದಲಾಗುತ್ತವೆ. ದೀಪ, ಲಿಫ್ಟ್, ನಲ್ಲಿ ದಿನಗಳಲ್ಲಿ ಕೆಡುತ್ತವೆ. ಕಾಂಕ್ರೀಟು, ಉಕ್ಕು ಸವೆಯಲು ವರ್ಷಗಳು ಬೇಕು. ಯಾವ ವಿಧಾನವೂ ಈ ಮೂರನ್ನೂ ಒಟ್ಟಿಗೆ ಹಿಡಿಯುವುದಿಲ್ಲ.

ಟಿಕ್ ಪಟ್ಟಿ ಬೇಗ ಮುಗಿಯುತ್ತದೆ, ಹೆಚ್ಚು ತರಬೇತಿ ಬೇಡ. ಎರಡು ಪ್ಲಾಟ್‌ಫಾರಂಗಳ ಸಣ್ಣ ನಿಲ್ದಾಣಕ್ಕೆ ಅರ್ಧ ಗಂಟೆ ಸಾಕು. ಆದರೆ ಅದರ ಗುಣ ನಿಂತಿರುವುದು ಪ್ರಶ್ನೆಯ ಮೇಲೆ. ‘ಧ್ವನಿವರ್ಧಕ ಇದೆಯೇ?’ ಎಂದು ಕೇಳಿದರೆ ಎಲ್ಲ ಕಡೆಯೂ ಹೌದು ಎಂದೇ ಬರುತ್ತದೆ. ‘ರೈಲು ಒಳಬರುವಾಗ ಪ್ಲಾಟ್‌ಫಾರಂನ ಕೊನೆಯ ಬೆಂಚಿನಲ್ಲಿ ಕೂತವರಿಗೆ ಪ್ರಕಟಣೆಯ ಮಾತು ತಿಳಿಯುತ್ತದೆಯೇ?’ ಎಂದು ಕೇಳಿದರೆ ಮಾತ್ರ ಕೆಲಸಕ್ಕೆ ಬರುವ ಉತ್ತರ ಸಿಗುತ್ತದೆ. ಅಳತೆ ಇರುವ ಕಡೆ ಪ್ರಶ್ನೆಯೊಳಗೇ ಅಳತೆ ಸೇರಿಸಬೇಕು. ಉದಾಹರಣೆಗೆ ಅಮೆರಿಕದ ಎಡಿಎ (ಅಂಗವಿಕಲರ ಹಕ್ಕುಗಳ ಕಾನೂನು) ಮಾನದಂಡದಲ್ಲಿ, ದೃಷ್ಟಿ ಇಲ್ಲದವರಿಗೆಂದು ಪ್ಲಾಟ್‌ಫಾರಂ ಅಂಚಿನಲ್ಲಿ ಹಾಕುವ ಉಬ್ಬುಚುಕ್ಕೆಗಳ ಪಟ್ಟಿ 24 ಇಂಚು ಅಗಲ, ಅಂದರೆ 610 ಮಿ.ಮೀ. ಇರಬೇಕು. ನಡೆಯುವ ನೆಲದಲ್ಲಿ ನೇರವಾಗಿ ಎದ್ದುನಿಂತ ಅಂಚು ಕಾಲು ಇಂಚು, ಅಂದರೆ 6.4 ಮಿ.ಮೀ. ಮೀರಬಾರದು. ‘ನೆಲ ಸಮವಾಗಿದೆಯೇ?’ ಎಂಬ ಪ್ರಶ್ನೆಗೆ ಇಬ್ಬರು ಎರಡು ಉತ್ತರ ಕೊಡುತ್ತಾರೆ. ‘6 ಮಿ.ಮೀ. ದಪ್ಪದ ಬಿಲ್ಲೆಗಿಂತ ಎತ್ತರದ ಅಂಚು ಎಲ್ಲಾದರೂ ಇದೆಯೇ?’ ಎಂದರೆ ಜಗಳವೇ ಇಲ್ಲ.

ಟಿಕ್ ಪಟ್ಟಿಗೆ ಕಾಣದೇ ಹೋಗುವುದು ಸವೆತ. ಹತ್ತು ವರ್ಷ ‘ಹೌದು’ ಎಂದೇ ಬಂದ ಮೆಟ್ಟಿಲು ಒಂದು ದಿನ ಏಕಾಏಕಿ ‘ಇಲ್ಲ’ ಆಗುತ್ತದೆ. ನಡುವೆ ಏನಾಯಿತು ಎಂಬುದಕ್ಕೆ ದಾಖಲೆ ಇರುವುದಿಲ್ಲ. ಲಿಫ್ಟಿನ ವಿಷಯದಲ್ಲೂ ಹೀಗೇ: ತಪಾಸಣೆಯ ಹೊತ್ತಿಗೆ ಅದು ಓಡುತ್ತಿತ್ತು ಎಂಬುದು ಏನನ್ನೂ ಹೇಳುವುದಿಲ್ಲ. ಅದಕ್ಕೆ ಕೆಟ್ಟುನಿಂತ ಸಮಯದ ದಾಖಲೆಯೇ ಬೇಕು. ಶೇ. 98 ಲಭ್ಯತೆ ಕೇಳಲು ಚೆನ್ನ, ಆದರೆ ವರ್ಷಕ್ಕೆ ಲೆಕ್ಕ ಹಾಕಿದರೆ ಏಳು ದಿನಕ್ಕೂ ಹೆಚ್ಚು ಲಿಫ್ಟ್ ಇಲ್ಲ. ಆ ಏಳು ದಿನ ಒಟ್ಟಿಗೇ ಬಂದರೆ ಗಾಲಿಕುರ್ಚಿಯಲ್ಲಿ ಕೆಲಸಕ್ಕೆ ಹೋಗುವವರು ಒಂದು ವಾರ ಮನೆಯಲ್ಲೇ ಉಳಿದಂತೆ. ಹಾಗಾಗಿ ಒಟ್ಟು ಶೇಕಡಾವಾರಿನ ಪಕ್ಕದಲ್ಲಿ ಒಂದೇ ಸಲಕ್ಕೆ ಅತಿ ಹೆಚ್ಚು ಹೊತ್ತು ನಿಂತದ್ದು ಎಷ್ಟು ಎಂಬುದನ್ನೂ ಬರೆಯಬೇಕು.

ಅಂಕದ ವಿಧಾನ ಈ ಸವೆತವನ್ನು ಹಿಡಿಯುತ್ತದೆ, ದುಡ್ಡು ಕೇಳಲು ಆಧಾರವನ್ನೂ ಕೊಡುತ್ತದೆ. ಅಮೆರಿಕದಲ್ಲಿ ಸಾರ್ವಜನಿಕ ಸಾರಿಗೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಫೆಡರಲ್ ಟ್ರಾನ್ಸಿಟ್ ಅಡ್ಮಿನಿಸ್ಟ್ರೇಷನ್ ಬಳಸುವುದು ಇದನ್ನೇ. ಅಲ್ಲಿ 5 ಅತ್ಯುತ್ತಮ, 1 ಕಳಪೆ, 3ಕ್ಕಿಂತ ಕೆಳಗಿಳಿದ ಕಟ್ಟಡ ಸುಸ್ಥಿತಿಯಲ್ಲಿಲ್ಲ. ಬ್ರಿಟನ್ನಿನಲ್ಲಿ ಹಳಿ, ನಿಲ್ದಾಣಗಳ ಒಡೆತನವಿರುವ ಸಂಸ್ಥೆಯಾದ ನೆಟ್‌ವರ್ಕ್ ರೈಲ್ ನಿಲ್ದಾಣಗಳಿಗೆ ಕೊಡುತ್ತಿದ್ದ ಅಂಕ ಇದಕ್ಕೆ ತಿರುಗುಮುರುಗು: 1 ಒಳ್ಳೆಯದು, 5 ಕೆಟ್ಟದ್ದು. ಎರಡೂ ಕಡೆಯ ವರದಿ ಓದುವವರು ಇಲ್ಲಿ ಎಡವುವುದುಂಟು. ಆದ್ದರಿಂದ ಅಂಕದ ಜೊತೆ ‘ಚೆನ್ನಾಗಿದೆ’, ‘ಪರವಾಗಿಲ್ಲ’, ‘ಹಾಳಾಗಿದೆ’ ಎಂದು ಪದವನ್ನೂ ಬರೆಯುವುದು ಕ್ಷೇಮ.

ಈ ವಿಧಾನದ ದೊಡ್ಡ ಅಪಾಯ ಸರಾಸರಿ. (ಇಲ್ಲಿಂದ ಮುಂದೆ 5 ಒಳ್ಳೆಯದು, 1 ಕೆಟ್ಟದ್ದು ಎಂದೇ ಲೆಕ್ಕ.) ಹತ್ತು ಭಾಗಗಳಲ್ಲಿ ಒಂಬತ್ತಕ್ಕೆ 4, ಒಂದಕ್ಕೆ 1 ಬಂದರೆ ಸರಾಸರಿ 3.7. ನಿಲ್ದಾಣ ಪಾಸು. ಆ 1 ಬಂದದ್ದು ಪ್ಲಾಟ್‌ಫಾರಂ ಅಂಚಿಗೆ ಎಂದಾದರೆ? ಬದಲಿಸುವ ವೆಚ್ಚಕ್ಕೆ ತಕ್ಕ ತೂಕ ಕೊಟ್ಟರೆ ಇನ್ನೂ ಕೆಟ್ಟದಾಗುತ್ತದೆ. ಉಬ್ಬುಚುಕ್ಕೆಗಳ ಪಟ್ಟಿಯ ತೂಕ ಶೇ. 1 ಎಂದುಕೊಳ್ಳಿ. ಅದು 4ರಿಂದ 1ಕ್ಕೆ ಕುಸಿದರೂ ಒಟ್ಟು ಅಂಕ ಇಳಿಯುವುದು 0.03 ಮಾತ್ರ. ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮ ಮಟ್ಟಿಗೆ ಇದಕ್ಕೆ ಪರಿಹಾರ ಒಂದೇ: ಸರಾಸರಿಯ ಪಕ್ಕದಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ, ಅತಿ ಕೆಟ್ಟ ಭಾಗ ಯಾವುದು, ಅದರ ಅಂಕ ಎಷ್ಟು ಎಂದು ಹಾಕುವುದು. ಜೀವಕ್ಕೆ ಅಪಾಯವಿರುವ ಅಂಚು, ಮೆಟ್ಟಿಲು, ರೇಲಿಂಗ್, ಬೆಂಕಿ ಎಚ್ಚರಿಕೆ ಇವುಗಳಲ್ಲಿ ಒಂದು 2ಕ್ಕೆ ಇಳಿದರೂ ಇಡೀ ನಿಲ್ದಾಣವನ್ನು 2 ಎಂದೇ ಕರೆಯುವುದು.

ಇನ್ನೊಂದು ತೊಡಕು, ಅನುಮಾನ ಬಂದಾಗಲೆಲ್ಲ ಕೈ 3ರ ಕಡೆಗೇ ಹೋಗುವುದು. ‘ಕಾಂಕ್ರೀಟು ಸಾಧಾರಣ’ ಎಂಬ ವಿವರಣೆ ಇದ್ದರೆ ಹೀಗೇ ಆಗುತ್ತದೆ. ಬದಲಿಗೆ, ಕೂದಲೆಳೆಯ ಬಿರುಕು ಮಾತ್ರ ಇದ್ದರೆ 4. ಬಿರುಕು 0.3 ಮಿ.ಮೀ. ದಾಟಿದ್ದರೆ ಅಥವಾ ತುಕ್ಕಿನ ಕಲೆ ಹೊರಬಂದಿದ್ದರೆ 3. ಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ 2. ಚಕ್ಕೆ ಉದುರಿ ಒಳಗಿನ ಕಂಬಿ ಕಂಡರೆ 1. ಹೀಗೆ ಬರೆದಿಟ್ಟರೆ ಅಂಕ ಗಟ್ಟಿಯಾಗುತ್ತದೆ. ಈ ಕ್ರಮವೂ ಮನಬಂದಂತೆ ಮಾಡಿದ್ದಲ್ಲ. ಹಿಮ ಕರಗಿಸಲು ಚೆಲ್ಲುವ ಉಪ್ಪು, ಕಡಲ ಗಾಳಿಯ ಉಪ್ಪು ನೀರಿನೊಂದಿಗೆ ಒಳಗಿಳಿದು ಕಂಬಿಗೆ ತುಕ್ಕು ಹಿಡಿಸುತ್ತವೆ. ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಜಾಗ ಬೇಕು. ಅದು ಒಳಗಿನಿಂದ ಒತ್ತುತ್ತದೆ. ಮೊದಲು ಬಿರುಕು, ಆಮೇಲೆ ಟೊಳ್ಳು, ಕೊನೆಗೆ ಚಕ್ಕೆ. ಟೊಳ್ಳು ಸದ್ದಿನ ಹಂತದಲ್ಲಿ ಹಿಡಿದರೆ ಅಷ್ಟು ಭಾಗ ಕೆತ್ತಿ ತೇಪೆ ಹಾಕಬಹುದು. ಕಂಬಿ ಸವೆದ ಮೇಲೆ ಅಂಚನ್ನೇ ಹೊಸದಾಗಿ ಕಟ್ಟಬೇಕು. ಇಬ್ಬರು ಬೇರೆಬೇರೆಯಾಗಿ ಒಂದೇ ನಿಲ್ದಾಣ ನೋಡಿ ಅಂಕ ಹೋಲಿಸಲಿ. ಎರಡು ಅಂಕದ ವ್ಯತ್ಯಾಸ ಬಂದ ಭಾಗಗಳಲ್ಲಿ ತಪ್ಪು ಜನರದ್ದಲ್ಲ, ವಿವರಣೆಯದ್ದು.

ಫೋಟೊ ವಿಧಾನದ ಬಲ ಹೋಲಿಕೆ. ತುಕ್ಕಿನ ಕಲೆ ಹರಡಿದ್ದು, ಬಿರುಕು ಬೆಳೆದದ್ದು, ಬೇಲಿ ವಾಲಿದ್ದು ಎರಡು ಚಿತ್ರ ಪಕ್ಕಪಕ್ಕ ಇಟ್ಟರೆ ವಾದವಿಲ್ಲದೆ ಒಪ್ಪಿಗೆಯಾಗುತ್ತದೆ. ಆದರೆ ಶಿಸ್ತು ಬೇಕು. ನಿಲ್ಲುವ ಜಾಗವನ್ನು ಕಂಬದ ಸಂಖ್ಯೆಯಿಂದ ಅಳೆದು ಬರೆದಿಡಬೇಕು. ಎತ್ತರ ಒಂದೂವರೆ ಮೀಟರ್, ಜೂಮ್ ಇಲ್ಲ, ಹೊತ್ತು ಒಂದೇ, ಹತ್ತಿರದ ಚಿತ್ರದಲ್ಲಿ ಸ್ಕೇಲ್ ಕಡ್ಡಾಯ. ಬಿರುಕಿನ ತುದಿಗೆ ಪೆನ್ಸಿಲ್ ಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಹಾಕಿದರೆ ಮುಂದಿನ ಸಲ ಅಳೆಯುವ ಕೆಲಸವೇ ತಪ್ಪುತ್ತದೆ. ಮೊಬೈಲ್ ಬದಲಾದಾಗ ಲೆನ್ಸಿನ ಅಗಲವೂ ಬದಲಾಗುತ್ತದೆ. ಹಳೆಯ ಚಿತ್ರದ ಜೊತೆ ಹೊಸದು ಕೂಡುವುದಿಲ್ಲ. ಆದ್ದರಿಂದ ಹೊಸ ಮೊಬೈಲ್ ಬಂದಾಗ ಒಂದು ಸುತ್ತು ಎರಡರಲ್ಲೂ ತೆಗೆಯಬೇಕು.

ಟೊಳ್ಳು ಸದ್ದು, ಅಲುಗಾಡುವ ರೇಲಿಂಗ್, ಒದ್ದೆಯಾದಾಗ ಜಾರುವ ಟೈಲ್ಸ್, ವಾಸನೆ ಇವ್ಯಾವುವೂ ಫೋಟೊದಲ್ಲಿ ಬರುವುದಿಲ್ಲ. ಬೆಳಕಿನ ವಿಷಯದಲ್ಲಂತೂ ಫೋಟೊ ನಂಬಲೇಬಾರದು. ಕ್ಯಾಮೆರಾ ತಾನಾಗಿಯೇ ಕತ್ತಲನ್ನು ಬೆಳಗಿಸುತ್ತದೆ. ಕತ್ತಲಾದ ಮೇಲೆ ಬೆಳಕು ಅಳೆಯುವ ಲಕ್ಸ್ ಮೀಟರನ್ನು ನೆಲದ ಮೇಲಿಟ್ಟು ದೀಪದ ಕೆಳಗೂ, ಎರಡು ದೀಪಗಳ ನಡುವೆಯೂ ಓದಬೇಕು. ಅಪಾಯ ಇರುವುದು ನಡುವಿನ ಕತ್ತಲಲ್ಲಿ.

ಶೌಚಾಲಯದ ವಾಸನೆಯ ಬಗ್ಗೆ ಒಂದು ಮಾತು. ಎಷ್ಟು ತೊಳೆದರೂ ಹೋಗದ ನಾತಕ್ಕೆ ಎಷ್ಟೋ ಸಲ ಕಾರಣ ನೆಲದ ಮೋರಿಯ ಟ್ರ್ಯಾಪ್ ಒಣಗಿರುವುದು. ಬಳಕೆ ಕಡಿಮೆಯಾದಾಗ ಅಲ್ಲಿ ತಡೆಯಾಗಿ ನಿಂತ ನೀರು ಆರಿಹೋಗಿ ಚರಂಡಿಯ ಗಾಳಿ ಮೇಲೆ ಬರುತ್ತದೆ. ಒಂದು ಮಗ್ಗು ನೀರು ಸುರಿದು ಸ್ವಲ್ಪ ಹೊತ್ತು ಬಿಟ್ಟು ನೋಡಿ. ವಾಸನೆ ಹೋದರೆ ಅದು ಸ್ವಚ್ಛತೆಯ ದೂರಲ್ಲ, ಕೊಳಾಯಿಯ ದೂರು.

ಮೂರು ವಿಧಾನಕ್ಕೂ ಸಾಮಾನ್ಯವಾದ ದೋಷ, ಒಣ ಹಗಲಿನಲ್ಲಿ ತಪಾಸಣೆ ಮುಗಿಸುವುದು. ಚಾವಣಿಯ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಮಳೆಯಲ್ಲಿ ಮಾತ್ರ ಗೊತ್ತಾಗುತ್ತದೆ. ಎಲೆ, ಹಕ್ಕಿಗೂಡು ಸೇರಿ ಪೈಪು ಕಟ್ಟಿದರೆ ನೀರು ಕಂಬದ ಬುಡದಲ್ಲಿ ನಿಲ್ಲುತ್ತದೆ. ಉಕ್ಕಿನ ಕಂಬ ಮೊದಲು ತಿಂದುಹೋಗುವುದೂ ಅಲ್ಲೇ, ನೆಲದಿಂದ ಒಂದು ಗೇಣು ಎತ್ತರದೊಳಗೆ. ಬಣ್ಣ ಉಬ್ಬಿದ್ದರೆ ಕೆರೆದು ನೋಡಬೇಕು.

ಪ್ರಯಾಣಿಕರ ದೂರುಗಳನ್ನು ನಾಲ್ಕನೆಯ ವಿಧಾನವಾಗಿ ಎಣಿಸುವವರಿದ್ದಾರೆ. ಲಿಫ್ಟ್, ಶೌಚಾಲಯದ ಮಟ್ಟಿಗೆ ಅದು ಸರಿ. ಕಟ್ಟಿದ ಪೈಪಿನ ಬಗ್ಗೆ ಯಾರೂ ದೂರು ಬರೆಯುವುದಿಲ್ಲ. ಜನ ಕಡಿಮೆ ಇರುವ ನಿಲ್ದಾಣದಲ್ಲಿ ದೂರೂ ಕಡಿಮೆ.

ಆಯ್ಕೆ ಹೇಳುವುದಾದರೆ, ಒಂದನ್ನೇ ಹಿಡಿಯಬೇಕು ಎಂದಾಗ ನಮ್ಮ ಮತ ಅಂಕಕ್ಕೆ, ಅದೂ ಮೇಲೆ ಹೇಳಿದಂತೆ ಅಳತೆಯ ವಿವರಣೆ ಇದ್ದರೆ ಮಾತ್ರ. ಕೈಗೂಡುವುದಾದರೆ ಟಿಕ್ ಪಟ್ಟಿಯನ್ನು ನಿಲ್ದಾಣದ ಸಿಬ್ಬಂದಿ ದಿನವೂ ತುಂಬಲಿ, ಫೋಟೊ ಮೂರು ತಿಂಗಳಿಗೊಮ್ಮೆ ಆಗಲಿ, ಅಂಕ ವರ್ಷಕ್ಕೊಮ್ಮೆ ಮಳೆಗಾಲ ಅಥವಾ ಹಿಮ ಮುಗಿದ ಕೂಡಲೇ. ಅಂಕ ಕೊಡುವವರಿಗೆ ಹಿಂದಿನ ವರ್ಷದ ಅಂಕವನ್ನು ಮೊದಲೇ ತೋರಿಸಬಾರದು, ಹಿಂದಿನ ಫೋಟೊ ಮಾತ್ರ ಕೊಡಬೇಕು. ರಿಪೇರಿ ಆಯಿತೆಂಬ ಕಾಗದ ನೋಡಿ ಅಂಕ ಏರಿಸುವುದೂ ಬೇಡ. ತೇಪೆ ಹಾಕಿದ ಜಾಗವನ್ನು ಒಂದು ಮಳೆ ಕಳೆದ ಮೇಲೆ ಮತ್ತೆ ಸುತ್ತಿಗೆಯಿಂದ ತಟ್ಟಿ, ಸದ್ದು ಗಟ್ಟಿಯಾಗಿ ಬಂದ ಮೇಲಷ್ಟೇ ಏರಿಸಬೇಕು.